ತೊಂಬತ್ತು ಸೆಕೆಂಡಿನ ಶೋಧ

ನಾಲ್ಕು ಸಾವಿರದ ಇನ್ನೂರ ಹನ್ನೊಂದು ಜನ. ಹಲ್ಲುಜ್ಜುವ ಮೊದಲು ಅಷ್ಟಿತ್ತು. ಬಚ್ಚಲಿನಿಂದ ಬಂದು ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿ ಮತ್ತೆ ಮೊಬೈಲು ನೋಡಿದರೆ ನಾಲ್ಕು ಸಾವಿರದ ಮುನ್ನೂರು ದಾಟಿತ್ತು. ರಜೆಗೆ ಊರಿಗೆ ಬಂದಿದ್ದ ಶುಭಾಂಗಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವ್ವ ತೋಟಕ್ಕೆ ಹೋಗಿದ್ದಳು. ಕಾಗವಾಡದ ಅಂಚಿನ ಈ ಎರಡು ಖೋಲಿಯ ಮನೆಯಲ್ಲಿ ಸುದ್ದಿ ಹೇಳಲು ಒಲೆಯ ಮೇಲಿನ ಚಹಾದ ಪಾತ್ರೆ ಬಿಟ್ಟರೆ ಯಾರೂ ಇರಲಿಲ್ಲ. ಪುಣೆಯ ಪ್ರಯೋಗಾಲಯದಲ್ಲಿ ಐದು ವರ್ಷ ತಲೆ ಬಗ್ಗಿಸಿ ಮಾಡಿದ ಕೆಲಸ. ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ಜಗತ್ತಿನಲ್ಲಿ ಒಂದು ನೂರು ಜನ ಓದಿದ್ದರೆ ಹೆಚ್ಚು, ಆ ನೂರರಲ್ಲಿ ಇಪ್ಪತ್ತು ಜನ ತಪ್ಪು ಹುಡುಕಲು ಓದಿದವರು. ಈಗ ನಾಲ್ಕು ಸಾವಿರ. ಅದೂ ನಾಲ್ಕೇ ದಿನದಲ್ಲಿ. ಸಂಸ್ಥೆಯವರು ಹೊಸದೊಂದು ಹುಚ್ಚು ಹಚ್ಚಿಕೊಂಡಿದ್ದರು: ಪ್ರತಿ ಸಂಶೋಧಕರೂ ತಮ್ಮ ಶೋಧವನ್ನು ತಮ್ಮ ತಾಯಿಯ ಭಾಷೆಯಲ್ಲಿ ತೊಂಬತ್ತು ಸೆಕೆಂಡಿನ ವಿಡಿಯೋದಲ್ಲಿ ಹೇಳಬೇಕು. ಜೊತೆಗೆ ಕೆಲಸ ಮಾಡುವ ವಿಕ್ರಾಂತ ಬಿಳಿ ಕೋಟು ತೊಟ್ಟು, ಹಿಂದೆ ದೊಡ್ಡ ಯಂತ್ರ ಇಟ್ಟುಕೊಂಡು, ಪುಸ್ತಕದ ಮರಾಠಿಯಲ್ಲಿ ಹೇಳಿದ. ಇನ್ನೂರು ಜನ ನೋಡಿದರು, ಅದರಲ್ಲಿ ಅವನ ಮಾವನ ಮನೆಯವರೇ ಅರ್ಧ. ಶುಭಾಂಗಿ ಪೇಟೆಯಿಂದ ಅರ್ಧ ಕಿಲೋ ದ್ರಾಕ್ಷಿ ತಂದು ಒಂದು ಗೊನೆಯನ್ನು ಕೈಯಲ್ಲಿ ಎತ್ತಿ ಹಿಡಿದಳು. "ನಿಮ್ಮ ದ್ರಾಕ್ಷಿಗೆ ಬೂದಿ ಬಡದಂಗ ಭುರಿ ರೋಗ ಬರತೈತಿ, ಹೌದಲ್ಲೋ? ಆ ಭುರಿಗೆ ಒಬ್ಬ ತಮ್ಮ ಅದಾನ. ಅವ ಗೊನಿಗೆ ಬರೂದಿಲ್ಲ, ನಿಮ್ಮ ಕಾಲಿಗೆ ಬರತಾನ."

ಆ ಮಾತು ಹೊಳೆದಾಗ ಅವಳು ಬಸ್ಸಿನಲ್ಲಿದ್ದಳು, ಹೊಳೆದ ಖುಷಿಗೆ ತನ್ನ ನಿಲ್ದಾಣ ಬಿಟ್ಟು ಮುಂದೆ ಹೋಗಿದ್ದಳು. ಬರಿಗಾಲಲ್ಲಿ ಹೊಲ ತುಳಿಯುವವರಿಗೆ ಮುಳ್ಳು ಚುಚ್ಚಿ, ವರ್ಷಗಟ್ಟಲೆ ಊದಿ, ತೂತು ತೂತಾಗಿ ಕೀವು ಸೋರುವ ಒಂದು ಹುಣ್ಣಿದೆ. ಅದು ಬುರಶಿಯಿಂದಲೂ, ಅಂದರೆ ಶಿಲೀಂಧ್ರದಿಂದಲೂ ಆಗಬಹುದು, ಬ್ಯಾಕ್ಟೀರಿಯಾದಿಂದಲೂ ಆಗಬಹುದು. ಕಣ್ಣಿಗೆ ಎರಡೂ ಒಂದೇ, ಔಷಧ ಮಾತ್ರ ಪೂರಾ ಬೇರೆ. ಯಾವುದು ಅಂತ ತಿಳಿಯಲು ವಾರಗಟ್ಟಲೆ ಕಾಯಬೇಕು. ಕಾದು ಬೇಸತ್ತವರು ಬರುವುದನ್ನೇ ಬಿಡುತ್ತಾರೆ, ಕೊನೆಗೊಂದು ದಿನ ಕಾಲು ಕಳೆದುಕೊಳ್ಳುತ್ತಾರೆ. ಅವಳು ಮಾಡಿದ ಕಾಗದದ ಪಟ್ಟಿ ಒಂದು ಹನಿ ಕೀವಿನಿಂದ ಅರ್ಧ ತಾಸಿನಲ್ಲಿ ಹೇಳುತ್ತದೆ: ಕೆಳಗೆ ಕೆಂಪು ಗೆರೆ ಮೂಡಿದರೆ ಬುರಶಿ, ಮೂಡದಿದ್ದರೆ ಅಲ್ಲ. ಇಷ್ಟೇ ಶೋಧ. ಇಷ್ಟೇ ಅಂದರೂ ಮೊದಲ ಸಲ ಗೆರೆ ಮೂಡಿದ ದಿನ ಅವಳು ಪ್ರಯೋಗಾಲಯದ ಕಾರಿಡಾರಿನಲ್ಲಿ ಓಡಿ ಕಸ ಗುಡಿಸುವ ಹೆಂಗಸನ್ನು ಅಪ್ಪಿಕೊಂಡಿದ್ದಳು. ದ್ರಾಕ್ಷಿಯ ಇನ್ನೊಂದು ರೋಗವಾದ ಡಾವಣಿಗೂ ಭುರಿಗೂ ಫರಕು ಗೊತ್ತಿರುವ, ಒಂದರ ಔಷಧ ಇನ್ನೊಂದಕ್ಕೆ ಹೊಡೆದು ಪೂರಾ ಹಂಗಾಮು ಕಳೆದುಕೊಂಡ ಈ ಭಾಗದ ರೈತರಿಗೆ ಇದನ್ನು ತಿಳಿಸಲು ದ್ರಾಕ್ಷಿಗಿಂತ ಬೇರೇನು ಬೇಕು! ಆದರೆ ಮೊದಲು ಮಾಡಿದಾಗ ವಿಡಿಯೋ ನೂರಾ ಒಂದು ಸೆಕೆಂಡು ಆಗಿತ್ತು. ಹನ್ನೊಂದು ಸೆಕೆಂಡು ತೆಗೆಯಬೇಕಿತ್ತು. ಆ ಹನ್ನೊಂದರ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ, ಈಗಲೂ ನೆನೆಯದೆ ಚಹಾ ಸೋಸಿದಳು.

ಬಾಗಿಲಲ್ಲಿ ಅವ್ವ ಸುಂದ್ರವ್ವನ ನೆರಳು ಬಿತ್ತು. ಇಷ್ಟು ಬೇಗ ಆಕೆ ತೋಟದಿಂದ ಬಂದದ್ದು ಈ ಇಪ್ಪತ್ತು ವರ್ಷದಲ್ಲಿ ಇಲ್ಲ.

"ಲಗೂನ ಏಳು. ಮಾಲಕ್ರು ನಿನ್ನ ಕರ್ಯಾಕತ್ತಾರ."

"ಯಾರು, ಲಗಮಣ್ಣ? ನನ್ನ್ಯಾಕ?"

"ನಿನ್ನ ಇಡಿಯೋ ನೋಡ್ಯಾರಂತ. ಹತ್ತ ಸಲ ನೋಡ್ಯಾರಂತ. ನನಗ ಕುಂದರ್ಸಿ ಚಾ ಕೊಟ್ರು ಬೇ! ಕಪ್ಪಿನ್ಯಾಗ! ಸುಂದ್ರವ್ವಾ, ಮಗಳನ್ನ ಹಡದ್ರ ಹಿಂಗ ಹಡೀಬೇಕು ಅಂದ್ರು."

ಶುಭಾಂಗಿ ಚಹಾ ಕುಡಿಯಲಿಲ್ಲ. ಚಪ್ಪಲಿ ಮೆಟ್ಟಿದಳು, ಬಿಟ್ಟಳು, ಕನ್ನಡಿಯಲ್ಲಿ ಮುಖ ನೋಡಿದಳು, ಒಳಗೆ ಹೋಗಿ ಬೇರೆ ಚೂಡಿದಾರ ತೊಟ್ಟು ಬಂದಳು. ಅವ್ವನಿಗೆ ತೋರಿಸಲೆಂದು ತಂದಿದ್ದ ನಾಲ್ಕು ಪಟ್ಟಿಗಳಿರುವ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಲಗಮಣ್ಣ! ಮೈಸಾಳ ರಸ್ತೆಯ ಎಂಟು ಎಕರೆ ದ್ರಾಕ್ಷಿಯ ಲಗಮಣ್ಣ. ಅವಳು ಹತ್ತನೆಯ ಇಯತ್ತೆಯಲ್ಲಿದ್ದಾಗ, ಕಾಳು ದಪ್ಪಗಾಗಲೆಂದು ಗೊನೆ ಅದ್ದುವ ಹಂಗಾಮಿನಲ್ಲಿ ಹದಿನೈದು ದಿನ ಸಾಲೆ ಬಿಡಿಸಿ ಅವ್ವ ತೋಟಕ್ಕೆ ಕರೆದೊಯ್ದಿದ್ದಳು. ಎಡಗೈಯಲ್ಲಿ ಔಷಧದ ಮಗ್ಗು, ಬಲಗೈಯಲ್ಲಿ ಗೊನೆ; ಅದ್ದು, ಅಲ್ಲಾಡಿಸು, ಬಿಡು; ಅದ್ದು, ಅಲ್ಲಾಡಿಸು, ಬಿಡು. ಕತ್ತು ಮೇಲೆತ್ತಿಯೇ ದಿನ ಕಳೆಯಬೇಕು, ತೋಳಿನಗುಂಟ ನೀರು ಕಂಕುಳಿಗೆ ಇಳಿಯುತ್ತದೆ. "ಸುಂದ್ರೀ, ನಿನ್ನ ಮಗಳ ಕೈ ಚೊಲೋ ಐತಿ, ಒಂದ ಗೊನಿ ಬಿಡೂದಿಲ್ಲ. ಸಾಲಿಗಿ ಕಳಿಸಿ ಏನ ಮಾಡತಿ?" ಎಂದಿದ್ದ. ಅದು ಹೊಗಳಿಕೆ. ಅವನಿಗೆ ಗೊತ್ತಿದ್ದ ದೊಡ್ಡ ಹೊಗಳಿಕೆ ಅದು. ಕೊಯ್ಲಿನ ದಿನಗಳಲ್ಲಿ ಸಂಜೆ ಹೆಣ್ಣಾಳುಗಳು ಮನೆಗೆ ಹೊರಟಾಗ ಅವನ ಹೆಂಡತಿ ಕಾಳವ್ವ ತೋಟದ ಅಂಚಿನ ಬಾಂಧಿನ ಮೇಲೆ ನಿಂತು ಒಬ್ಬೊಬ್ಬರ ಬುತ್ತಿಡಬ್ಬಿ ತೆಗೆಸಿ ನೋಡುತ್ತಿದ್ದಳು. ಮುಟ್ಟುತ್ತಿರಲಿಲ್ಲ. ಕಡ್ಡಿಯಿಂದ ಡಬ್ಬಿಯ ಬಟ್ಟೆ ಸರಿಸಿ ನೋಡುತ್ತಿದ್ದಳು. ಆ ವರ್ಷ ಕೊಯ್ಲಿಗೂ ಹೋಗಿದ್ದ ಶುಭಾಂಗಿಯ ಡಬ್ಬಿಯಲ್ಲಿ ಒಮ್ಮೆ ಏಳು ಕಾಳು ಸಿಕ್ಕವು. ನೆಲಕ್ಕೆ ಉದುರಿದ್ದಂಥವು, ಮಣ್ಣು ಹತ್ತಿದಂಥವು. ಕಾಳವ್ವ ಬಗ್ಗಿದಳು. ಕಡ್ಡಿಯಿಂದ ಒಂದೊಂದೇ ಹೊರಗೆ ಉರುಳಿಸಿದಳು, ಏಳೂ. ಈಗ ಅದೇ ಬಾಂಧಿನ ಮೇಲೆ ಶುಭಾಂಗಿ ನಡೆಯುತ್ತಿಲ್ಲ, ಹೆಚ್ಚು ಕಡಿಮೆ ಓಡುತ್ತಿದ್ದಾಳೆ. ಏನಂತ ಕರೆಯಲಿ ಅವನನ್ನು? ಮಾಲಕ್ರ ಅನ್ನುವುದಿಲ್ಲ, ಸತ್ತರೂ ಅನ್ನುವುದಿಲ್ಲ. ಲಗಮಣ್ಣಕಾಕಾ ಅನ್ನಬಹುದು. ಹತ್ತು ಸಲ ನೋಡಿದನಂತೆ! ಆ ತಮ್ಮನ ಮಾತಿಗೆ ನಕ್ಕಿರಬೇಕು. ಅವನಿಗೆ ಅರ್ಥವಾಯಿತೆಂದರೆ ಸೀಮೆಗೇ ಅರ್ಥವಾದ ಹಾಗೆ. ಇಲ್ಲಿಯೇ, ಈ ಚಪ್ಪರದ ಕೆಳಗೇ ಎರಡನೆಯ ವಿಡಿಯೋ ಮಾಡಬೇಕು, ಅವನನ್ನೇ ಪಕ್ಕಕ್ಕೆ ನಿಲ್ಲಿಸಿಕೊಂಡು. ಅವಳ ತಲೆಯಲ್ಲಿ ಆಗಲೇ ಆ ವಿಡಿಯೋ ಓಡುತ್ತಿತ್ತು, ಅದನ್ನು ಹತ್ತು ಸಾವಿರ ಜನ ನೋಡಿಯೂ ಆಗಿತ್ತು.

ತೋಟದ ಶೆಡ್ಡಿನ ಮುಂದೆ ಲಗಮಣ್ಣ ಹೊರಸಿನ ಮೇಲೆ ಕೂತಿದ್ದ. ಅರವತ್ತು ದಾಟಿದೆ, ಮೀಸೆ ಪೂರ್ತಿ ಬಿಳಿ. ಪಕ್ಕದಲ್ಲಿ ಅವನು ಯಾವಾಗಲೂ ಹಾಕಿಕೊಳ್ಳುವ ಕರೇ ರಬ್ಬರು ಬೂಟುಗಳು ಬಿದ್ದಿದ್ದವು. ಔಷಧ ಹೊಡೆಯುವಾಗ ಹಾಕುವ ಆ ಬೂಟನ್ನು ಮೂರು ವರ್ಷದಿಂದ ಸಂತೆಗೂ ಲಗ್ನಕ್ಕೂ ಹಾಕಿಕೊಂಡು ಹೋಗುತ್ತಾನೆಂದು ಊರು ನಗುತ್ತಿತ್ತು. ಎಡಗಾಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿತ್ತು. ಬಕೆಟ್ಟಿನ ನೀರು ನೀಲಿ.

"ಬಾರವಾ ಶುಭಾಂಗಿ! ನೋಡ, ನೀ ಹೇಳಿದಂಗ ಮಾಡೀನಿ. ಮೂರ ದಿನ ಆತು."

ಅವನು ಕಾಲೆತ್ತಿದ. ಶುಭಾಂಗಿಯ ಬಾಯಿಯ ನಗು ಬಾಯಿಯಲ್ಲೇ ಒಣಗಿತು. ಪಾದ ಒಂದೂವರೆ ಪಟ್ಟು ಊದಿತ್ತು. ಗಂಟು ಗಂಟು. ಗಂಟಿನ ತುದಿಗೊಂದು ತೂತು. ಅದರ ಮೇಲೆ ಮೈಲುತುತ್ತದ ನೀಲಿ, ನೀಲಿಯ ಮೇಲೆ ಅಲ್ಲಲ್ಲಿ ಗಂಧಕದ ಹಳದಿ ಪುಡಿ, ನಡುವೆ ಚರ್ಮ ಸುಟ್ಟು ಎದ್ದು ಕೆಂಪಗೆ ಕಾಣುತ್ತಿತ್ತು.

"ಏನ ಮಾಡೀರಿ ಇದು! ಯಾರ ಹೇಳಿದ್ರು ನಿಮಗ ಇದನ್ನ ಹಾಕ್ಕೋ ಅಂತ?"

"ನೀನ ಅಲ್ಲನ? ಭುರಿ ತಮ್ಮ ಅಂದಿ. ಭುರಿಗೆ ಗಂಧಕ. ಆದ್ರ ನೋಡಿದ್ರ ಇದು ಡಾವಣಿಗತೆ ಕಾಣತೈತಿ, ಡಾವಣಿಗೆ ಮೈಲುತುತ್ತ ಸುಣ್ಣ. ಯಾವದಕ್ಕೂ ಇರಲಿ ಅಂತ ಎರಡೂ ಹಾಕಿದ್ಯಾ." ಅವನು ಜಾಣತನಕ್ಕೆ ತಾನೇ ಮೆಚ್ಚಿ ನಕ್ಕ, ನಗುತ್ತಲೇ ಹಲ್ಲು ಕಚ್ಚಿದ. "ಉರೀತೈತಿ ಖರೆ. ಉರದ್ರ ಹಿಡೀತು ಅಂತಲ್ಲ?"

ಕಾಳವ್ವ ಶೆಡ್ಡಿನ ಒಳಗಿಂದ ಬಂದಳು. "ನಾ ಬಡಕೊಂಡ್ಯಾ ತಂಗೀ, ಬ್ಯಾಡ ಬ್ಯಾಡ ಅಂತ. ಕಾಲೇನ ದ್ರಾಕ್ಷಿ ಬಳ್ಳೀನ? ಕೇಳತಾನ ಈ ಮುದಿಯಾ? ಆಕಿ ಸಾಯಂಟಿಸ್ಟ ಅದಾಳ, ನೀ ಸುಮ್ಕಿರಬೇ ಅಂತಾನ."

ಹನ್ನೊಂದು ಸೆಕೆಂಡು. ಶುಭಾಂಗಿಯ ಕಿವಿ ಬಿಸಿಯಾಯಿತು. ಮೊದಲ ವಿಡಿಯೋದ ಕೊನೆಯಲ್ಲಿ ಅವಳು ಹೇಳಿದ್ದಳು: ತೋಟದ ಔಷಧ ತಂದು ಕಾಲಿಗೆ ಹಚ್ಚೀರಿ ಮತ್ತ, ಹಚ್ಚಬ್ಯಾಡ್ರಿ, ಸುಡತೈತಿ, ದವಾಖಾನಿಗೆ ಹೋಗ್ರಿ. ತನ್ನ ಜನರ ತಲೆ ಹೇಗೆ ಓಡುತ್ತದೆಂದು ಗೊತ್ತಿದ್ದೇ ಹೇಳಿದ್ದಳು. ಆದರೆ ಅದನ್ನು ಹೇಳುವಾಗ ದನಿ ಏರಿತ್ತು, ಕಣ್ಣು ದೊಡ್ಡದಾಗಿತ್ತು, ಕೈ ಬೀಸಿದ್ದಳು. ಹೊಲದ ಆಚೆ ದಂಡೆಗೆ ಕೂಗುವ ಅವ್ವನ ಹಾಗೆ ಕಂಡಿದ್ದಳು. ಸಂಸ್ಥೆಯ ದೊಡ್ಡವರು ನೋಡುತ್ತಾರೆ, ವಿಕ್ರಾಂತ ನೋಡುತ್ತಾನೆ. ಶುರುವಿನಲ್ಲಿ ದ್ರಾಕ್ಷಿ ಹಿಡಿದು ನಗುವ ಹನ್ನೆರಡು ಸೆಕೆಂಡಿತ್ತು, ಅದನ್ನು ತೆಗೆಯಬಹುದಿತ್ತು. ಅದರಲ್ಲಿ ಅವಳು ಚೆಂದ ಕಾಣುತ್ತಿದ್ದಳು. ಅದನ್ನು ಇಟ್ಟಳು, ಇದನ್ನು ಕತ್ತರಿಸಿದಳು. ತೆಗೆದ ಮೇಲೆ ಎಷ್ಟು ಅಚ್ಚುಕಟ್ಟಾಯಿತು ಎಂದು ಬೆನ್ನು ಬೇರೆ ತಟ್ಟಿಕೊಂಡಿದ್ದಳು. ಈಗ ಓಡಿಹೋಗಬೇಕೆನಿಸಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ಓಡಿಹೋಗುವ ಬದಲು ಅವಳು ಆ ಪಾದದ ಮೇಲೆ ಬಗ್ಗಿದ್ದಳು. ಬಗ್ಗಿ, ಆಸೆಯಿಂದ ನೋಡುತ್ತಿದ್ದಳು. ಎಂಥಾ ಪಾದ! ಪುಣೆಯಲ್ಲಿ ಶೀಶೆಯಲ್ಲಿ ಬರುವ ಕೀವಿನ ಮಾದರಿಗಳನ್ನಷ್ಟೇ ಕಂಡವಳಿಗೆ ಜೀವಂತ ಕಾಲು ಸಿಕ್ಕಿತ್ತು. ಈ ತೋಟ, ಈ ರೈತ, ಈ ಕಾಲು. ಇಲ್ಲಿ ಪಟ್ಟಿ ಹಾಕಿ, ಕೆಂಪು ಗೆರೆ ಮೂಡುವುದನ್ನು ಜನರ ಕಣ್ಣೆದುರು ತೋರಿಸಿದರೆ! ಆ ಆಸೆಗೆ ನಾಚಿಕೆಯಾಯಿತು, ನಾಚಿಕೆಯಾದರೂ ಆಸೆ ಹೋಗಲಿಲ್ಲ.

"ಕಾಕಾ, ಎದ್ದೇಳ್ರಿ. ಈಗಿಂದೀಗ ಮಿರಜಿಗೆ ದವಾಖಾನಿಗೆ ಹೋಗೂಣು."

ಲಗಮಣ್ಣನ ಮುಖ ಬಿಗಿಯಿತು. "ಅದೊಂದು ಬಿಟ್ಟು ಹೇಳು. ಮೂರ ವರ್ಷದ ಹಿಂದ ಹೋಗಿದ್ಯಾ. ಎಲುವಿಗೆ ಹತ್ತೈತಿ, ಕಾಲ ಕಡೀಬೇಕಾದೀತು ಅಂದ ಡಾಕ್ಟರ. ಬೂಟ ಹಾಕ್ಕೊಂಡ ಎದ್ದ ಬಂದ್ಯಾ. ನನ್ನ ಮಗಾ ಶಿವರಾಜಗೂ ಹೇಳಿಲ್ಲ. ಒಂದ ಕಾಲಿನ ಮಾಲಕನ ಮಾತ ಯಾವ ಆಳ ಕೇಳತೈತಿ? ಎಂಟ ಎಕರೆ ಒಂಟಿಗಾಲಲೆ ಕುಂಟಕೋತ ತಿರಗಲ್ಯಾ? ನೀ ಔಷಧ ಹೇಳು. ಎಷ್ಟ ಲೀಟರಿಗೆ ಎಷ್ಟ ಗ್ರಾಂ ಅಂತ ಹೇಳು, ಸಾಕು."

"ಇದು ಹೊಡಿಯೂ ಔಷಧ ಅಲ್ಲರಿ!" ಶುಭಾಂಗಿ ಕೂಗಿದಳು. ಕೂಗಿದ್ದು ಅವಳಿಗೇ ಆಶ್ಚರ್ಯ. ಈ ತೋಟದಲ್ಲಿ ಈ ಮನುಷ್ಯನ ಎದುರು ಯಾರೂ ದನಿ ಎತ್ತಿದ್ದು ಅವಳು ಕಂಡಿರಲಿಲ್ಲ. ಹಿಂದಿನಿಂದ ಅವ್ವ ಅವಳ ತೋಳು ಜಗ್ಗಿದಳು. "ಬಿಡ ಅವ್ವಾ. ಕಾಕಾ, ಕೇಳ್ರಿ. ತಪ್ಪ ನಂದು. ಹಚ್ಚಬ್ಯಾಡ್ರಿ ಅಂತ ನಾ ಹೇಳಿದ್ಯಾ, ಆ ಮಾತ ನಾನ ಕತ್ತರಿಸಿ ಒಗದ್ಯಾ. ಛಂದ ಕಾಣಲಿಲ್ಲ ಅಂತ ಒಗದ್ಯಾ. ನಾ ಛಂದ ಕಾಣಾಕ ನಿಮ್ಮ ಕಾಲ ಸುಟ್ಟೈತಿ."

ಚಪ್ಪರದ ಒಳಗಿಂದ ಹೆಣ್ಣಾಳುಗಳು ಇಣುಕಿದರು. ಬೈಯುತ್ತಾನೆ, ಈಗ ಅವ್ವನ ಕೆಲಸ ಹೋಯಿತು ಎಂದುಕೊಂಡಳು ಶುಭಾಂಗಿ. ಲಗಮಣ್ಣ ಅವಳ ಚೀಲದ ಕಡೆ ಬೆರಳು ತೋರಿಸಿದ.

"ಪಟ್ಟಿ ಅಂತ ತೋರ್ಸಿದೆಲ್ಲ. ಅದು ತಂದೀ?"

"ತಂದೀನ್ರಿ. ಆದ್ರ..."

"ಹಾಕು. ಅದು ಬುರಶಿ ಐತಿ ಇಲ್ಲಾ ಅಂತ ಹೇಳಲಿ. ಆಮ್ಯಾಲ ನಿನ್ನ ಮಿರಜ ನೋಡೂಣು."

ಮೈಲುತುತ್ತ ತಾಗಿದರೆ ಪಟ್ಟಿ ಕೆಡುತ್ತದೆ. ಅವಳು ಕುದಿಸಿ ಆರಿಸಿದ ನೀರು ಕೇಳಿದಳು. ಕಾಳವ್ವ ತಾಮ್ರದ ಚರಿಗೆ ತಂದಾಗ "ತಾಮ್ರ ಬ್ಯಾಡ, ಸ್ಟೀಲಿಂದು ತರ್ರಿ" ಎಂದಳು. ಕಾಳವ್ವ ಓಡಿದಳು, ಮರುಮಾತಿಲ್ಲದೆ ಓಡಿದಳು. ಶುಭಾಂಗಿ ಕೈ ತೊಳೆದು, ಚೀಲದಲ್ಲಿದ್ದ ಕೈಗವಸು ಹಾಕಿ, ಹೊರಸಿನ ಮುಂದೆ ಕೂತು ಪಾದಕ್ಕೆ ಕೈ ಹಾಕಿದಳು. ಅವನು ಕಾಲನ್ನು ಹಿಂದಕ್ಕೆಳೆದ. ಈ ಕೈ ಮುಟ್ಟುವುದು ಬೇಡವೆಂದೋ ಏನೋ. ಹದಿನೇಳು ವರ್ಷದ ಹಿಂದಿನ ಕಡ್ಡಿ ನೆನಪಾಯಿತು. "ನಾರತೈತವಾ," ಅಂದ ಅವನು ಮುಖ ಆಚೆ ತಿರುಗಿಸಿ, "ನನಗ ತಡಕೊಳ್ಳಾಕ ಆಗೂದಿಲ್ಲ, ನೀ ಹೆಂಗ..." ಎರಡರಲ್ಲಿ ಯಾವುದು ನಿಜವೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಅವಳು ಕಾಲನ್ನು ಜಗ್ಗಿ ತೊಡೆಯ ಮೇಲಿಟ್ಟುಕೊಂಡಳು. ತೊಳೆದಳು. ನೀಲಿ ಹೋಗುವವರೆಗೆ ನಾಲ್ಕು ಚರಿಗೆ ನೀರು. ಆಮೇಲೆ ಗಂಟಿನ ಪಕ್ಕ ಮೆಲ್ಲಗೆ ಒತ್ತಿ, ಒಳಗಿನಿಂದ ಬಂದ ಹೊಸ ಹನಿಯನ್ನು ಪಟ್ಟಿಯ ತುದಿಗೆ ತೆಗೆದುಕೊಂಡಳು.

"ಇಡಿಯೋ ತಗೀಬೇಕ ಇಲ್ಲೋ?" ಅಂದ ಲಗಮಣ್ಣ.

"ಬ್ಯಾಡ್ರಿ. ನೀವು ಮುಚ್ಚಿಟ್ಟಿದ್ದು..."

"ತಗೀ ಅಂತೀನಿ. ಕಾಳೀ, ಮೊಬೈಲ ಹಿಡಿ. ಇಕಿ ಈ ಸಲ ಏನೂ ಕತ್ತರಸಬಾರದು. ನಾ ನೋಡೇ ಬಿಡತೀನಿ."

ಹೀಗೆ, ಹದಿನೇಳು ವರ್ಷದ ಹಿಂದೆ ಅವಳ ಡಬ್ಬಿ ತಪಾಸಣೆ ಮಾಡಿದ ಕಾಳವ್ವ ಎರಡೂ ಕೈಯಲ್ಲಿ ಮೊಬೈಲು ಹಿಡಿದು, ಅರ್ಧ ಬೆರಳನ್ನು ಕ್ಯಾಮರಾದ ಮೇಲಿಟ್ಟು, ಉಸಿರು ಬಿಗಿಹಿಡಿದು ನಿಂತಳು. ಹೆಣ್ಣಾಳುಗಳು ಮಗ್ಗುಗಳ ಸಮೇತ ಬಂದು ಸುತ್ತ ನೆರೆದರು. ಮೇಲಿನ ಗೆರೆ ಬಂದರೆ ಪಟ್ಟಿ ಕೆಟ್ಟಿಲ್ಲ ಅಂತ, ಕೆಳಗಿನದು ಬಂದರೆ ಬುರಶಿ ಅಂತ, ಎಂದು ಶುಭಾಂಗಿ ಹೇಳಿದಳು. ಅವಳು ತಯಾರು ಮಾಡಿದ ಮಾತಲ್ಲ, ಬಂದ ಮಾತು. ಹತ್ತು ನಿಮಿಷಕ್ಕೆ ಮೇಲಿನ ಗೆರೆ ಬಂತು, ಗಟ್ಟಿಯಾಗಿ, ಕೆಂಪಗೆ. "ಬಂತೋ!" ಎಂದರು ಎಲ್ಲರೂ. "ಅದಲ್ಲರಿ, ಕೆಳಗಿಂದು." ಕಾಳವ್ವನ ಕೈ ಸೋತು ಸುಂದ್ರವ್ವ ಮೊಬೈಲು ತೆಗೆದುಕೊಂಡಳು. ಇಪ್ಪತ್ತು ನಿಮಿಷ. ಶುಭಾಂಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು ಮತ್ತು ಬೇಡುತ್ತಿದ್ದಳು: ಬಾ, ಬಾ, ಮೂಡು. ಐದು ವರ್ಷದ ಕೆಲಸ, ಇಷ್ಟು ಜನರ ಮುಂದೆ, ಒಂದು ಸಲ ಮೂಡು. ತಟ್ಟನೆ ತಾನು ಏನನ್ನು ಬೇಡುತ್ತಿದ್ದೇನೆಂಬುದು ಹೊಳೆಯಿತು. ಗೆರೆ ಮೂಡಿದರೆ ಬುರಶಿ. ಬುರಶಿಯಾದರೆ ವರ್ಷಗಟ್ಟಲೆ ಗುಳಿಗೆ, ಆದರೂ ಕಾಲು ಉಳಿಯುವ ಭರವಸೆ ಕಡಿಮೆ. ಬ್ಯಾಕ್ಟೀರಿಯಾ ಆದರೆ ಉಳಿಯುವ ಸಂಭವ ಬಹಳ ಹೆಚ್ಚು. ತನ್ನ ಗೆರೆಗಾಗಿ ಒಬ್ಬ ಮನುಷ್ಯನ ಕಾಲನ್ನು ಬೇಡುತ್ತಿದ್ದಳು. ಬರಬೇಡ, ಎಂದಳು ಒಳಗೆ. ಹಲ್ಲು ಕಚ್ಚಿ ಎಂದಳು. ಆದರೆ ಎದೆಯ ಇನ್ನೊಂದು ಮೂಲೆ ಬಾ ಎನ್ನುತ್ತಲೇ ಇತ್ತು, ಅದರ ಬಾಯಿ ಮುಚ್ಚಲಾಗಲಿಲ್ಲ. ಇಪ್ಪತ್ತೈದು. ಇಪ್ಪತ್ತೆಂಟು. ಮೂವತ್ತು ನಿಮಿಷಕ್ಕೆ ಅವಳು ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದಳು, ಓರೆಯಾಗಿ ಹಿಡಿದು ನೋಡಿದಳು. ಕೆಳಗೆ ಬಿಳಿ. ಬರೀ ಬಿಳಿ. ಎರಡನೆಯ ಪಟ್ಟಿ ಹಾಕಿದಳು, ಮತ್ತರ್ಧ ತಾಸು ಯಾರೂ ಕದಲಲಿಲ್ಲ. ಅದೂ ಬಿಳಿ.

"ಬರಲಿಲ್ಲಲ್ಲ," ಅಂದ ಲಗಮಣ್ಣ, ದನಿ ಇಳಿದಿತ್ತು. "ಅಂದ್ರ ನಿನ್ನ ಶೋಧ ಸುಳ್ಳೇನ?"

"ಖರೆ ಐತಿ ಅಂತನ ಬರಲಿಲ್ಲರಿ!" ಅವಳು ಎದ್ದುನಿಂತಿದ್ದಳು. ಕೈ ಬೀಸುತ್ತಿದ್ದಳು, ಕಣ್ಣು ದೊಡ್ಡದಾಗಿತ್ತು, ಮೊಬೈಲು ನೆನಪಿರಲಿಲ್ಲ. "ಬುರಶಿ ಇದ್ರ ಗೆರಿ ಬರತಿತ್ತು. ಇಲ್ಲ, ಅದಕ್ಕ ಬರಲಿಲ್ಲ. ಇದು ಭುರಿ ತಮ್ಮ ಅಲ್ಲ, ಡಾವಣಿ ಅಣ್ಣನೂ ಅಲ್ಲ. ಇದು ಬ್ಯಾಕ್ಟೀರಿಯಾ ಇರಬೇಕು. ನೀವು ಗಂಧಕದ ಹೊಂಡದಾಗ ಕುಂತ್ರೂ ಇದು ಸಾಯೂದಿಲ್ಲ, ನಿಮ್ಮ ತೊಗಲ ಸಾಯತೈತಿ. ಇದಕ್ಕ ಬ್ಯಾರೆ ಔಷಧ ಅದಾವ, ಸೂಜಿ ಗುಳಗಿ. ತಿಂಗಳುಗಟ್ಟಲೆ ತಗೋಬೇಕು, ಆದ್ರ ಹಿಡೀತಾವ! ಕಾಲ ಉಳ್ಯೂ ಹಾದಿ ಐತಿ ಕಾಕಾ! ಆದ್ರ ನಾ ಡಾಕ್ಟರ ಅಲ್ಲ, ನನ್ನ ಪಟ್ಟಿ ಡಾಕ್ಟರ ಅಲ್ಲ. ಅವ್ರು ಎಲುವಿನ ಫೋಟೋ ತಗೀಬೇಕು, ತುಣುಕ ತಗದ ನೋಡಬೇಕು. ಇವತ್ತ. ಈಗ."

ಲಗಮಣ್ಣ ಪಾದವನ್ನು ನೋಡಿಕೊಂಡ. ಬೂಟಿಗೆ ಕೈ ಹಾಕಿದ, ಕಾಲು ಒಳಗೆ ಹೋಗಲಿಲ್ಲ. ಬೂಟನ್ನು ಚಪ್ಪರದ ಕಡೆ ಎಸೆದ. "ಶಿವರಾಜನ್ನ ಕರೀರಿ. ಜೀಪ ತರಲಿ."

ಮಗ ಶಿವರಾಜ ಅಪ್ಪನ ಕಾಲು ಕಂಡು ಮೊದಲು ಬಿಳಿಚಿಕೊಂಡ, ಆಮೇಲೆ ಅಪ್ಪನನ್ನು ಬಾಯಿಗೆ ಬಂದಂತೆ ಬೈದ. ಬೈಯುತ್ತಲೇ ಎತ್ತಿ ಜೀಪಿನಲ್ಲಿ ಕೂರಿಸಿದ. ಹಿಂದಿನ ಸೀಟಿನಲ್ಲಿ ಶುಭಾಂಗಿ. ಒದ್ದೆ ಬಟ್ಟೆ ಸುತ್ತಿದ ಕಾಲು ಅವಳ ತೊಡೆಯ ಮೇಲೆ. ಅವಳು ಹೊರಡುವ ಮೊದಲೇ ಹೊಸ ವಿಡಿಯೋ ಜಾಲತಾಣಕ್ಕೆ ಏರಿಸಿಬಿಟ್ಟಿದ್ದಳು. ಎರಡೂ ಪಟ್ಟಿಯ ಅರ್ಧರ್ಧ ತಾಸಿನ ಕಾಯುವಿಕೆ ಬಿಟ್ಟು ಉಳಿದದ್ದೆಲ್ಲ ಹಾಗೇ, ಹನ್ನೆರಡು ನಿಮಿಷ, ಕಾಳವ್ವನ ಬೆರಳು ಸಮೇತ. ಸಂಸ್ಥೆಯ ತೊಂಬತ್ತು ಸೆಕೆಂಡಿನ ನಿಯಮಕ್ಕೆ ಬೆಂಕಿ ಬೀಳಲಿ. ಹಳೆಯದನ್ನು ಅಳಿಸಿದಳು. ನಾಲ್ಕು ಸಾವಿರದ ಎಂಟುನೂರು ಆಗಿತ್ತು ಅದು. ಅಳಿಸಿದ್ದಕ್ಕೆ ಸಂಕಟವೂ ಆಯಿತು, ಸುಳ್ಳೇಕೆ. ಬೇರೆ ಯಾವ ಊರಿನ ಯಾವ ತೋಟದಲ್ಲಿ ಯಾರು ಕಾಲು ಅದ್ದಿಕೊಂಡು ಕೂತಿದ್ದಾರೋ ಎಂಬ ಭಯವೂ ಇತ್ತು. ಎಲ್ಲದರ ಮೇಲೆ ಒಂದು ಉತ್ಸಾಹ, ಗಾಳಿಯ ಹಾಗೆ, ಜೀಪಿನ ಹರಿದ ಟಾಪಿನ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬರದೇ ಇರುವ ಗೆರೆಯೂ ಒಂದು ಉತ್ತರವೆಂದು ಲೇಖನದಲ್ಲಿ ಎಷ್ಟು ಸಲ ಬರೆದಿದ್ದಳು, ಅದು ಹೀಗೆ ಮೈ ಜುಮ್ಮೆನಿಸುತ್ತದೆಂದು ಗೊತ್ತಿರಲಿಲ್ಲ.

ಮೈಸಾಳದ ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತಿತ್ತು. ಡ್ರೈವರು ಹಾಲಸಿದ್ದ ಇಳಿದು ಬಂದು ಜೀಪಿನೊಳಗೆ ಇಣುಕಿದ.

"ಯಾಕ್ರಿ ಮಾಲಕ್ರ, ಬೂಟ ಇಲ್ಲದ ಹೊಂಟೀರಿ? ಕಾಲಿಗೇನಾತು?"

ಲಗಮಣ್ಣ ಶುಭಾಂಗಿಯ ತೊಡೆಯ ಮೇಲಿನ ಕಾಲನ್ನು ಎರಡೂ ಕೈಯಿಂದ ಎತ್ತಿ, ಬಟ್ಟೆ ಬಿಚ್ಚಿ, ಜೀಪಿನ ಹೊರಗೆ ಚಾಚಿದ. ಹಿಂದೆ ನಿಂತಿದ್ದ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು.

"ನೋಡಲೇ ಹಾಲಸಿದ್ದ, ಚೊಲೋತಂಗ ನೋಡು. ಮೂರ ವರ್ಷ ಮುಚ್ಚಿಟ್ಟಿದ್ಯಾ. ಇದು ಭುರಿ ಅಲ್ಲ, ತಿಳೀತ? ಭುರಿ ಇದ್ರ ಗೆರಿ ಬರತಿತ್ತು. ಎರಡ ಸಲ ಹಾಕಿದ್ವಿ, ಬರಲಿಲ್ಲ. ಗೆರಿ ಇಲ್ಲಂದ್ರ ಬ್ಯಾರೆ ಹುಳ. ಅದಕ್ಕ ಬ್ಯಾರೆ ಔಷಧ. ನಿಮ್ಮ ಕಾಕಾನ ಕಾಲೂ ಹಿಂಗ ಐತೆಲ್ಲ? ಅದಕ್ಕೇನೂ ಬಡೀಬ್ಯಾಡಂತ ಹೇಳು, ನಾಳೆ ಅವನ್ನೂ ಕರಕೊಂಡ ಬಾ. ಒಂದ ಸೂಜಿ, ಎಂಟ ದಿನದಾಗ ಕಾಲ ನೆಟ್ಟಗ!"

"ಎಂಟ ದಿನ ಅಲ್ಲರಿ!" ಶುಭಾಂಗಿ ಅವನ ಕಾಲಿನ ಕೆಳಗಿನಿಂದ ತೂರಿ ಹೊರಗೆ ತಲೆ ಹಾಕಿದಳು. "ತಿಂಗಳುಗಟ್ಟಲೆ! ಒಂದ ಸೂಜಿನೂ ಅಲ್ಲ!"

"ಏ, ನೀ ಸುಮ್ಕಿರವಾ, ನಾ ಹೇಳಾಕತ್ತೀನಿ," ಅಂದ ಲಗಮಣ್ಣ.

"ತಪ್ಪ ಹೇಳಾಕತ್ತೀರಿ!"

"ಹಂಗಾರ ಇಳದ ಬಂದ ನೀನ ಹೇಳ ಬಾ!"

ಅವಳು ಇಳಿದಳು. ಬಸ್ಸು ಹಾರ್ನು ಹೊಡೆಯಿತು, ಶಿವರಾಜ ಸ್ಟೇರಿಂಗಿಗೆ ಗುದ್ದಿ ಲಗೂನ ಮುಗಸ್ರಿ ಎಂದು ಒದರಿದ, ಬಸ್ಸಿನಿಂದ ಇಬ್ಬರು ಮೂವರು ಇಳಿದು ಬಂದರು. ಶುಭಾಂಗಿ ರಸ್ತೆಯ ನಡುವೆ ನಿಂತು, ಲಗಮಣ್ಣನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಮೊದಲಿನಿಂದ ಶುರುಮಾಡಿದಳು.